ಗ್ಯಾಸ್ ಏಜೆನ್ಸಿ ಬದಲಿಸುವುದೋ, ಇಂಡಕ್ಷನ್ ಒಲೆಗೆ ಹೋಗುವುದೋ? ದರ ಹೋಲಿಸುವ ಕ್ರಮ ತಿಳಿಸಿ

ಸಾಗರದ ತೋಟದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ, ಮನೆಯಲ್ಲಿ ಐದು ಜನ. 14.2 ಕಿಲೋ ಸಿಲಿಂಡರ್ ಸುಮಾರು ನಲವತ್ತು ದಿನ ಬರುತ್ತದೆ. ಸ್ನಾನದ ನೀರಿಗೆ ಬಚ್ಚಲ ಒಲೆ ಇರುವುದರಿಂದ ಗ್ಯಾಸ್ ಅಡುಗೆಗೆ ಮಾತ್ರ ಬೇಕು. ಗ್ಯಾಸ್ ಗಾಡಿ ನಮ್ಮ ದಣಪೆಯವರೆಗೆ ಬರುವುದಿಲ್ಲ. ಟಾರು ರಸ್ತೆಯ ಬದಿಯಲ್ಲಿ ಸಿಲಿಂಡರ್ ಇಳಿಸಿ, ಬಿಲ್ಲಿನ ಮೇಲೆ ನಲವತ್ತು ರೂಪಾಯಿ ಹೆಚ್ಚಿಗೆ ಪಡೆದು ಹೋಗುತ್ತಾರೆ. ಅಲ್ಲಿಂದ ಮನೆಗೆ ತರುವುದು ನಮ್ಮ ಪಾಡು.

ಇಂಗ್ಲೆಂಡಿನಲ್ಲಿರುವ ಮಗಳು ಮೊನ್ನೆ ಫೋನಿನಲ್ಲಿ, ಅಲ್ಲಿನ ಮನೆಗಳವರು ಕರೆಂಟು ಮತ್ತು ಗ್ಯಾಸ್ ಪೂರೈಸುವ ಬೇರೆ ಬೇರೆ ಕಂಪನಿಗಳ ಯೂನಿಟ್ ದರವನ್ನೂ ದಿನದ ಸ್ಥಿರ ಶುಲ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಅಗ್ಗವಾಗಿ ಕಂಡ ಕಂಪನಿಗೆ ಬದಲಾಗುತ್ತಾರೆಂದು ಹೇಳಿದಳು. ನಮ್ಮಲ್ಲಿ ಹಾಗೆ ಮಾಡಲು ಬರುತ್ತದೆಯೇ? ಬಾರದಿದ್ದರೆ, ಗೃಹಜ್ಯೋತಿಯಲ್ಲಿ ನಮಗೆ ಶೂನ್ಯ ಬಿಲ್ ಬರುತ್ತಿರುವುದರಿಂದ ಅಡುಗೆಯನ್ನೆಲ್ಲ ಇಂಡಕ್ಷನ್ ಒಲೆಗೆ ಬದಲಿಸಿದರೆ ಉಳಿತಾಯವಾದೀತೇ? ಅದರಲ್ಲಿ ನಮಗೆ ಉಚಿತವಾಗಿ ಸಿಗುವ ಪ್ರಮಾಣ, ಎಂದರೆ ಅರ್ಹತೆ, ತಿಂಗಳಿಗೆ 97 ಯೂನಿಟ್, ಈಗಿನ ಬಳಕೆ 88ರ ಆಸುಪಾಸು.

ಲೆಕ್ಕದ ಮೇಷ್ಟ್ರು, ಶಿವಮೊಗ್ಗ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಶಿವಮೊಗ್ಗ ಜಿಲ್ಲೆಯ ಮನೆಗಳಿಗೆ ಕರೆಂಟು ಕೊಡುವುದು ಮೆಸ್ಕಾಂ ಒಂದೇ, ಅದರ ದರವನ್ನು ಗೊತ್ತುಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದ್ದರಿಂದ ಅಲ್ಲಿ ಆಯ್ಕೆಯ ಮಾತಿಲ್ಲ. ಗ್ಯಾಸಿನಲ್ಲಿ ಏಜೆನ್ಸಿಯನ್ನು ಆರಿಸಿಕೊಳ್ಳಬಹುದಾದರೂ ಒಂದು ಊರಿನಲ್ಲಿ ಇಂಡೇನ್, ಎಚ್‌ಪಿ, ಭಾರತ್ ಮೂರರ ಮನೆ ಸಿಲಿಂಡರಿಗೂ ಬೆಲೆ ಒಂದೇ ಆಗಿರುವುದರಿಂದ ಏಜೆನ್ಸಿ ಬದಲಿಸಿದರೆ ಸೇವೆ ಬದಲಾದೀತು, ದರ ಬದಲಾಗದು. ಹೀಗಾಗಿ ತಾವು ಹೋಲಿಸಬೇಕಾದದ್ದು ಕಂಪನಿ ಕಂಪನಿಗಳನ್ನಲ್ಲ, ಗ್ಯಾಸಿನ ಉರಿಯನ್ನೂ ಕರೆಂಟಿನ ಕಾವನ್ನೂ.

ಒಂದು ಕಿಲೋ ಅಡುಗೆ ಅನಿಲದಲ್ಲಿ ಹೆಚ್ಚುಕಡಿಮೆ 12.7 ಯೂನಿಟ್ ಕರೆಂಟಿಗೆ ಸಮನಾದ ಶಾಖವಿದೆ; 14.2 ಕಿಲೋಗೆ ಅದು 180 ಯೂನಿಟ್ ಆಗುತ್ತದೆ. ಆದರೆ ಗ್ಯಾಸ್ ಒಲೆಯ ಉರಿಯಲ್ಲಿ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಭಾರತೀಯ ಮಾನಕದ ಪ್ರಕಾರ ಒಲೆ ಕನಿಷ್ಠ ಶೇ. 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕಾದರೂ, ದೊಡ್ಡ ಬರ್ನರಿನ ಮೇಲೆ ಸಣ್ಣ ಪಾತ್ರೆ ಇಡುವ ನಮ್ಮ ಅಡುಗೆಮನೆಗಳಲ್ಲಿ ಶೇ. 60-65 ಎಂದು ಹಿಡಿಯುವುದೇ ಸರಿ. ಇಂಡಕ್ಷನ್ ಒಲೆಯಲ್ಲಿ ಶೇ. 85ರಷ್ಟು ಮುಟ್ಟುತ್ತದೆ. ಈ ಎರಡನ್ನೂ ಸೇರಿಸಿ ನೋಡಿದರೆ ಒಂದು ಸಿಲಿಂಡರಿನ ಅಡುಗೆಗೆ 130ರಿಂದ 135 ಯೂನಿಟ್ ಬೇಕು. ತಮ್ಮ ನಲವತ್ತು ದಿನದ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 100 ಯೂನಿಟ್.

ಇನ್ನು ದರ. 2025ರ ಏಪ್ರಿಲ್‌ನಿಂದ ಆರಂಭವಾದ ಸಾಲಿನಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ, ಮತ್ತೆ ಶೇ. 9 ತೆರಿಗೆ ಇತ್ತು. ತಿಂಗಳಿಂದ ತಿಂಗಳಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟರೂ ಯೂನಿಟ್‌ಗೆ 6 ರೂಪಾಯಿ 70 ಪೈಸೆಯ ಹತ್ತಿರ ಬರುತ್ತಿತ್ತು. ಆ ಏಪ್ರಿಲ್ ತಿಂಗಳಲ್ಲೇ ಐವತ್ತು ರೂಪಾಯಿ ಏರಿದ ಮೇಲೆ ಬೆಂಗಳೂರಿನಲ್ಲಿ ಸಿಲಿಂಡರಿಗೆ 855 ರೂಪಾಯಿ 50 ಪೈಸೆ ಆಯಿತು. ನಮ್ಮ ಕಡೆಯ ಬಿಲ್ಲು ಕೆಲವು ರೂಪಾಯಿ ಆಚೀಚೆ ಇರಬಹುದು. ಆ ಬೆಲೆಯಲ್ಲಿ, ಒಂದು ಯೂನಿಟ್ ಕರೆಂಟು ಮಾಡುವ ಕೆಲಸಕ್ಕೆ ಬೇಕಾಗುವ ಗ್ಯಾಸಿನ ಖರ್ಚು 6 ರೂಪಾಯಿ 40 ಪೈಸೆ. ಎಂದರೆ ಎರಡೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಉಜ್ವಲಾ ಸಂಪರ್ಕ ಇರುವವರಿಗೆ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಇರುವುದರಿಂದ ಅವರಿಗೆ ಗ್ಯಾಸೇ ಅಗ್ಗ, ಅಲ್ಲಿ ಚರ್ಚೆಯೇ ಇಲ್ಲ.

ತಾವು ಗಮನಿಸಲೇಬೇಕಾದ ಗಡಿ ಬೇರೊಂದಿದೆ. ಗೃಹಜ್ಯೋತಿಯಲ್ಲಿ ಅರ್ಹತೆಯನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ತಮ್ಮದೇ. ಅಡುಗೆಯನ್ನೆಲ್ಲ ಕರೆಂಟಿಗೆ ಬದಲಿಸಿದರೆ ತಮ್ಮ ಬಳಕೆ 188 ಆಗುತ್ತದೆ, 91 ಹೆಚ್ಚುವರಿ ಯೂನಿಟ್‌ಗೆ ಸುಮಾರು 610 ರೂಪಾಯಿ ಬೀಳುತ್ತದೆ, ಗ್ಯಾಸಿನಲ್ಲಿ ತಿಂಗಳಿಗೆ 640 ಉಳಿಯುತ್ತದೆ. ಇಲ್ಲಿಯವರೆಗೆ ಸಮಸಮ. ಆದರೆ ಮನೆಗೆ ನೆಂಟರು ಬಂದೋ, ಬೇಸಿಗೆಯ ಫ್ಯಾನು ತಿರುಗಿಯೋ ಮೀಟರು 201 ತೋರಿಸಿತೆಂದರೆ, ಎರಡು ಕಿಲೋವ್ಯಾಟ್ ಲೋಡಿಗೆ ಆ ಸಾಲಿನ ನಿಗದಿತ ಶುಲ್ಕ 290 ರೂಪಾಯಿಯೂ ಸೇರಿ ಬಿಲ್ 1,630ರ ಹತ್ತಿರ ಹೋಗುತ್ತದೆ. ಆ ಕೊನೆಯ ಒಂದು ಯೂನಿಟ್‌ನ ಬೆಲೆ ಒಂಬೈನೂರು ರೂಪಾಯಿಗಿಂತ ಹೆಚ್ಚು! ನಲವತ್ತು ವರ್ಷ ಲೆಕ್ಕ ಕಲಿಸಿದ ನನಗೂ ಇಷ್ಟು ದುಬಾರಿ ಒಂದು ಸಿಕ್ಕಿರಲಿಲ್ಲ.

ಹೊಸನಗರದ ಮಳೆಮನೆ

ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಕರೆಂಟು ಇದ್ದಾಗಿನ ಲೆಕ್ಕ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಎರಡು ದಿನ, ಕೆಲವೊಮ್ಮೆ ಮೂರು ದಿನ ಕತ್ತಲೆ. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಹೋಗುತ್ತದೆ, ನಾವು ಸೀಮೆಎಣ್ಣೆ ಬುಡ್ಡಿ ಹುಡುಕುತ್ತಿರುತ್ತೇವೆ, ಅದಿರಲಿ. ಕರೆಂಟು ಇದ್ದಾಗಲೂ ಸಂಜೆ ಎಲ್ಲರ ಮನೆಯ ದೀಪ, ಮಿಕ್ಸಿ, ಪಂಪು ಒಟ್ಟಿಗೆ ನಡೆಯುವ ಹೊತ್ತಿಗೆ ವೋಲ್ಟೇಜ್ ಇಳಿದು, ನಮ್ಮ ಇಂಡಕ್ಷನ್ ಒಲೆ ಕೂಗು ಹಾಕಿ ತಾನಾಗಿ ಆರಿಹೋಗುತ್ತದೆ. ಅರ್ಧ ಬೆಂದ ಅನ್ನವನ್ನು ಗ್ಯಾಸಿಗೆ ವರ್ಗಾಯಿಸಿದ ಮೇಲೆ ಯಾವ ಒಲೆಯ ಲೆಕ್ಕವೂ ಸರಿಯಾಗಿ ಕೂರುವುದಿಲ್ಲ.

ಅಕ್ಕ, ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಿ. ನಿಮ್ಮ ಕರೆಂಟು ಬಿಲ್ಲಿನಲ್ಲಿ ಆರ್‌ಆರ್ ನಂಬರಿನ (ಸಂಪರ್ಕದ ಸಂಖ್ಯೆ) ಆಸುಪಾಸಿನಲ್ಲೇ ಮಂಜೂರಾದ ಲೋಡ್ ಎಷ್ಟೆಂದು ಇರುತ್ತದೆ. ಹಳೆಯ ಮನೆಗಳಲ್ಲಿ ಅದು ಒಂದು ಕಿಲೋವ್ಯಾಟ್ ಇದ್ದರೆ, ಎರಡು ಸಾವಿರ ವ್ಯಾಟಿನ ಒಲೆ ಹಾಕುವ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು, ಅಡುಗೆಮನೆಯ ವೈರಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಎರಡನೆಯದು ಪಾತ್ರೆ: ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯವು ಇಂಡಕ್ಷನ್ ಮೇಲೆ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ನಡೆಯುತ್ತದೆ. ನಮ್ಮ ಮನೆಯ ಕಡುಬು ಬೇಯಿಸುವ ಪಾತ್ರೆ ಈ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ತೀರ್ಥಹಳ್ಳಿ ಘಟ್ಟದ ಕೆಳಗೆ

ಏಜೆನ್ಸಿಯ ವಿಚಾರವನ್ನು ಯಾರೂ ಬಿಡಿಸಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಿಲ್ಲಿನ ಮೊತ್ತದಲ್ಲಿ ಮನೆಗೆ ತಲುಪಿಸುವ ಖರ್ಚು ಸೇರಿಯೇ ಇರುತ್ತದೆ, ಆದ್ದರಿಂದ ರಸ್ತೆಬದಿಯಲ್ಲಿ ಇಳಿಸಿ ನಲವತ್ತು ರೂಪಾಯಿ ಹೆಚ್ಚಿಗೆ ಕೇಳುವುದಕ್ಕೆ ಆಧಾರವಿಲ್ಲ. ಅದರ ಬದಲು ನೀವೇ ಗೋದಾಮಿಗೆ ಹೋಗಿ ತಂದರೆ ಆ ಖರ್ಚನ್ನು ಬಿಲ್ಲಿನಲ್ಲಿ ಕಡಿತ ಮಾಡಬೇಕು. ವರ್ಷಕ್ಕೆ ಒಂಬತ್ತು ಸಿಲಿಂಡರ್ ಎಂದರೆ ನೀವು 360 ರೂಪಾಯಿ ಸುಮ್ಮನೆ ಕೊಡುತ್ತಿದ್ದೀರಿ. ಮೇಷ್ಟ್ರ ಲೆಕ್ಕದಲ್ಲಿ ಇಂಡಕ್ಷನ್‌ನಿಂದ ಉಳಿಯುವುದೂ ಹೆಚ್ಚುಕಡಿಮೆ ಇಷ್ಟೇ. ಮೊದಲು ಬಿಲ್ಲಿನಷ್ಟೇ ಹಣ ಕೊಟ್ಟು ನೋಡಿ. ಒಪ್ಪದಿದ್ದರೆ 1800-2333-555ಕ್ಕೆ ದೂರು ಕೊಡಬಹುದು.

ಅದಕ್ಕೂ ಬಗ್ಗದಿದ್ದರೆ ಏಜೆನ್ಸಿ ಬದಲಿಸಿ. ಈ ಪೋರ್ಟಬಿಲಿಟಿ ಸೌಲಭ್ಯ 2013ರಲ್ಲಿ ಕೆಲವು ನಗರಗಳಲ್ಲಿ ಆರಂಭವಾಗಿ 2014ರಲ್ಲಿ ದೇಶದ ಬಹುಪಾಲು ಜಿಲ್ಲೆಗಳಿಗೆ ಬಂತು. ಅದೇ ಕಂಪನಿಯ ಇನ್ನೊಂದು ಏಜೆನ್ಸಿಗೆ ಹೋಗುವುದಾದರೆ ಕಂಪನಿಯ ಜಾಲತಾಣದಲ್ಲೋ ಆ್ಯಪಿನಲ್ಲೋ ಅರ್ಜಿ ಹಾಕಿದರೆ ಸಾಕು, ಸಿಲಿಂಡರ್ ಹಿಂದಿರುಗಿಸಬೇಕಾಗಿಲ್ಲ. ಕಂಪನಿಯೇ ಬೇರೆಯಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿ ಬರಬೇಕು. ನಾನು ಬದಲಿಸಿದಾಗ ಹಳೆಯ ಏಜೆನ್ಸಿಯವರು ಫೋನ್ ಮಾಡಿ, ಇನ್ನು ಮುಂದೆ ಮನೆಬಾಗಿಲಿಗೇ ತರುತ್ತೇವೆಂದು ಬಹಳ ಮರ್ಯಾದೆಯಿಂದ ಹೇಳಿದರು. ಆರು ವರ್ಷ ಇಲ್ಲದ ಮರ್ಯಾದೆ ಅದು! ಅರ್ಜಿ ಹಾಕುವ ಮೊದಲು ಒಂದನ್ನು ಮರೆಯಬೇಡಿ: ಹೊಸ ಏಜೆನ್ಸಿಯ ಗಾಡಿ ನಿಮ್ಮ ಕಡೆಯ ದಾರಿಯಲ್ಲಿ ವಾರದಲ್ಲಿ ಯಾವ ದಿನ ಬರುತ್ತದೆಂದು ಅವರ ಗ್ರಾಹಕರನ್ನೇ ಕೇಳಿ, ಕಚೇರಿಯವರನ್ನಲ್ಲ.

ಇನ್ನು ಮೇಷ್ಟ್ರ ಶೇ. 60, ಶೇ. 85 ಎಲ್ಲ ಸರಾಸರಿ ಲೆಕ್ಕ. ಒಲೆ ಕೊಳ್ಳುವ ಮುಂಚೆ ನಿಮ್ಮ ಮನೆಯದನ್ನೇ ಅಳೆಯುವುದು ಕಷ್ಟವೇನಲ್ಲ. ಸಿಲಿಂಡರಿನ ಕತ್ತಿನ ಬಳಿಯ ಪಟ್ಟಿಯಲ್ಲಿ ಖಾಲಿ ತೂಕ ಕೆತ್ತಿರುತ್ತದೆ, ಅಡಿಕೆ ತೂಗುವ ಕಾಟಾ ಮನೆಯಲ್ಲೇ ಇರುತ್ತದೆ. ಹತ್ತು ದಿನ ಬಿಟ್ಟು ಎರಡು ಸಲ ತೂಗಿದರೆ ದಿನಕ್ಕೆಷ್ಟು ಗ್ರಾಂ ಎಂಬುದು ಕೈಗೆ ಸಿಗುತ್ತದೆ. ಆಮೇಲೆ ಯಾರಿಂದಲಾದರೂ ಇಂಡಕ್ಷನ್ ಒಲೆ ಎರವಲು ತಂದು, ಮೀಟರಿನ ಅಂಕಿ ಬರೆದಿಟ್ಟುಕೊಂಡು ಎರಡು ಮೂರು ದಿನ ಅಡುಗೆ ಮಾಡಿ.

ಸಾಗರದ ತೋಟದಮನೆ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ತಿಂಗಳು ಕಳೆದು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದಂತೆ ತೂಗಿ ನೋಡಿದೆವು. ಹತ್ತು ದಿನದಲ್ಲಿ ಸಿಲಿಂಡರ್ 27.9 ಕಿಲೋದಿಂದ 24.3ಕ್ಕೆ ಇಳಿಯಿತು, ದಿನಕ್ಕೆ 360 ಗ್ರಾಂ. ಅನಂತರ ತಮ್ಮನ ಮನೆಯಿಂದ ಇಂಡಕ್ಷನ್ ಒಲೆ ತಂದು, ದೋಸೆ ರೊಟ್ಟಿಗಳನ್ನು ಗ್ಯಾಸಿನಲ್ಲೇ ಉಳಿಸಿಕೊಂಡು, ಅನ್ನ, ಸಾರು, ಹಾಲು, ಕಾಫಿ ನೀರನ್ನೆಲ್ಲ ಅದರ ಮೇಲೆ ಮಾಡಿದೆವು. ಮೂರು ದಿನಕ್ಕೆ ಮೀಟರಿನಲ್ಲಿ ಎಂಟು ಯೂನಿಟ್ ಹೆಚ್ಚಿಗೆ ಓಡಿತು, ಗ್ಯಾಸ್ ಖರ್ಚು ದಿನಕ್ಕೆ 60 ಗ್ರಾಂಗೆ ಇಳಿಯಿತು. ತಿಂಗಳಿಗೆ ಹಿಗ್ಗಿಸಿದರೆ ಗ್ಯಾಸಿನಲ್ಲಿ 540 ರೂಪಾಯಿ ಉಳಿದು ಕರೆಂಟಿಗೆ 475 ಹೋಗುತ್ತದೆ. ಈ ಅರವತ್ತೈದು ರೂಪಾಯಿಗಾಗಿ ಹೊಸ ಒಲೆ, ಹೊಸ ಪಾತ್ರೆ, 200ರ ಭಯ ಇವೆಲ್ಲ ಬೇಡವೆಂದು ಯಜಮಾನರೂ ನಾನೂ ತೀರ್ಮಾನಿಸಿ, ತಮ್ಮನ ಒಲೆಯನ್ನು ಅವನಿಗೇ ಮರಳಿಸಿದೆವು.

ಏಜೆನ್ಸಿಯನ್ನು ಮಾತ್ರ ಬದಲಿಸಿದೆ. ಅದೇ ಕಂಪನಿಯದು, ಅರ್ಜಿ ಮೊಬೈಲಿನಲ್ಲೇ ಮುಗಿಯಿತು. ಮೊನ್ನೆ ಮಂಗಳವಾರ ಗಾಡಿ ದಣಪೆಯವರೆಗೆ ಬಂತು. ಹುಡುಗ ಬಿಲ್ಲಿನಷ್ಟೇ ಹಣ ಪಡೆದು, ಯಜಮಾನರು ಕೇಳಿದ್ದಕ್ಕೆ ಸಿಲಿಂಡರನ್ನು ನಮ್ಮ ಅಡಿಕೆ ಕಾಟಾದ ಮೇಲೇ ಇಟ್ಟು ತೋರಿಸಿದ: 29.8 ಕಿಲೋ, ಪಟ್ಟಿಯ ಮೇಲಿನ ಖಾಲಿ ತೂಕ 15.6.