ಬ್ಯಾಕ್‌ಪ್ಲೇಟ್ ಹಾರ್ನೆಸ್‌ನಲ್ಲಿ ಸೀಸದ ತೂಕ ಜಾರುತ್ತಿದೆ, ಸಹಾಯ ಬೇಕು

ನೇತ್ರಾಣಿ ದ್ವೀಪದ ಕಡೆ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಹೊರಲು ಪಟ್ಟಿಗಳಿಂದ ಬೆನ್ನಿಗೆ ಕಟ್ಟುವ ತಟ್ಟೆ) ಹಾಕಿ ಸ್ಕೂಬಾ ಡೈವ್ ಮಾಡುವವರು ದಯವಿಟ್ಟು ತಿಳಿಸಿ. ಅಲ್ಯೂಮಿನಿಯಂ ಪ್ಲೇಟ್, 3 ಮಿ.ಮೀ. ಸೂಟ್, ಅಲ್ಯೂಮಿನಿಯಂ 80 (ಘನ ಅಡಿ) ಗಾಳಿ ಸಿಲಿಂಡರ್. ಒಟ್ಟು ಸೀಸ 4 ಕಿಲೋ. ಡೈವ್ ಮುಗಿಯುವಷ್ಟರಲ್ಲಿ ಸುಮಾರು 2 ಕಿಲೋ ಗಾಳಿ ಖರ್ಚಾಗಿ ಸಿಲಿಂಡರ್ ಹಗುರಾಗುತ್ತದಲ್ಲ, ಹಾಗಾಗಿ 50 ಬಾರ್ ಉಳಿದಾಗಲೂ ಮೇಲೇಳದೆ 5 ಮೀಟರ್ ಆಳದಲ್ಲಿ ನಿಲ್ಲುವಂತೆ ಲೆಕ್ಕ ಹಾಕಿದ್ದು.

ಅದರಲ್ಲಿ 2 ಕಿಲೋ, ಮೇಲಿನ ಕ್ಯಾಮ್ ಬ್ಯಾಂಡ್‌ನ (ಸಿಲಿಂಡರ್ ಬಿಗಿಯುವ ಪಟ್ಟಿ) ಟ್ರಿಮ್ ಪಾಕೆಟ್‌ಗಳಲ್ಲಿದೆ. ಅದರದ್ದೇನೂ ತಕರಾರಿಲ್ಲ. ತೊಂದರೆ ಇರುವುದು ಉಳಿದ ಸೀಸವಿರುವ, ಸೊಂಟದ 2 ಇಂಚಿನ ಪಟ್ಟಿಗೆ ಪೋಣಿಸಿದ ಪಾಕೆಟ್‌ಗಳಲ್ಲಿ. ತಲೆ ಕೆಳಗಾದರೆ ಎಡಗಡೆಯದು ಡಿ-ರಿಂಗ್‌ಗೆ ತಾಗಿ ನಿಲ್ಲುತ್ತದೆ, ಬಲಗಡೆಯದು ಬಕಲ್‌ವರೆಗೂ ಜಾರಿ ಮೈ ವಾಲುತ್ತದೆ. ಬಕಲ್ ಬಿಚ್ಚಿದರಂತೂ ಪಾಕೆಟ್ಟೇ ಕಳಚಿ ದೋಣಿಯ ಹಲಗೆಗೆ ಬೀಳುತ್ತದೆ (ಕಾಲ್ಬೆರಳು ಜೋಪಾನ!).

ಪಾಕೆಟ್‌ನ ಎರಡೂ ಬದಿಗೆ ಟ್ರೈಗ್ಲೈಡ್ (ಪಟ್ಟಿ ಪೋಣಿಸಿ ತಡೆ ಹಾಕುವ ಕೊಂಡಿ) ಹಾಕಿದರೆ ಸಾಕೇ, ಇಲ್ಲ ಪಟ್ಟಿಯನ್ನು ಪಾಕೆಟ್‌ನೊಳಗೆ ಒಂದು ಸುತ್ತು ತಿರುಗಿಸಬೇಕೇ? ಬೇರೆ ತೂಕದ ಬೆಲ್ಟ್ ಕಟ್ಟುವುದಾದರೆ ಅದು ಕ್ರಾಚ್ ಸ್ಟ್ರಾಪ್‌ನ (ಕಾಲುಗಳ ನಡುವೆ ಹಾಯುವ ಪಟ್ಟಿ) ಹೊರಗಿರಬೇಕು, ಒಳಗೆ ಸಿಕ್ಕಿದರೆ ತುರ್ತಿನಲ್ಲಿ ಬೀಳಿಸಲಾಗದು ಎಂಬುದು ಗೊತ್ತು. ಹಾಗೆ ಹೊರಗೆ ಕಟ್ಟಿದಾಗ ರಬ್ಬರ್ ಬೆಲ್ಟ್ ಸೊಂಟದಲ್ಲಿ ನಿಲ್ಲುತ್ತದೆಯೇ? ನಿಮ್ಮ ಜೋಡಣೆಯ ಫೋಟೋ ಇದ್ದರೆ ಹಾಕಿ.