ಅಪ್‌ಡೇಟ್: ಜೋಳದ ರೊಟ್ಟಿ ತಿಂದರೂ ಶುಗರ್ ಏರೋದು ಯಾಕೆ?

ಅನ್ನ ಬಿಟ್ಟು ಬರೀ ಜೋಳದ ರೊಟ್ಟಿ ಉಂಡರೂ ಊಟದ ನಂತರದ ಶುಗರ್ ಇಳಿಯುತ್ತಿಲ್ಲ ಅಂತ ಕಲಬುರಗಿಯಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಶರಣ್ರಿ. ತಪ್ಪು ಸಿಕ್ಕಿತು: ಧಾನ್ಯ ಬದಲಾಗಿತ್ತು, ಅಳತೆ ಬದಲಾಗಿರಲಿಲ್ಲ.

100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲೇ 40 ಗ್ರಾಂ ಆಯಿತು. ಮೂರು ತಿಂದರೆ ಲೆಕ್ಕ ನೀವೇ ಹಾಕಿ. ಕಡಕ್ ರೊಟ್ಟಿ ಇನ್ನೂ ಮೋಸ, ಮುರಿಮುರಿದು ತಿನ್ನುವಾಗ ಎಣಿಕೆಯೇ ಸಿಗದು. ಸಂಜೆಯ ಚುರುಮುರಿ ಸೂಸಲಾ ಕೈಗೆ ಹಗುರ, ಆದರೆ ಅರಳಿದ ಪಿಷ್ಟ ಬೇಗ ಕರಗಿ ಗ್ಲೂಕೋಸ್ ಆಗುತ್ತದೆ.

ಈಗಿನ ಕ್ರಮ: ಮೊದಲು ಪುಂಡಿಪಲ್ಯ, ಸೌತೆಕಾಯಿ, ಗಟ್ಟಿ ತೊಗರಿಬ್ಯಾಳಿ, ಆಮೇಲೆ ಒಂದೂವರೆ ರೊಟ್ಟಿ. ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಏರಿಕೆ ತಗ್ಗುತ್ತದೆ. (ನಮ್ಮ ತೊಗರಿಗೆ 2019ರಲ್ಲಿ ಸಿಕ್ಕ ಜಿಐ ಭೌಗೋಳಿಕ ಗುರುತಿನದು, ಆಹಾರ ಶುಗರ್ ಎಷ್ಟು ಬೇಗ ಏರಿಸುತ್ತದೆ ಅಂತ ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್ ಅಲ್ಲ!) ಬೆಲ್ಲದ ಚಹಾದಿಂದ ಲಾಭವಿಲ್ಲ, ಅದೂ ಸಕ್ಕರೆಯೇ. ಹಾಲು ಬೇರೆ ಥರ: ಶುಗರ್ ಅಷ್ಟು ಏರಿಸದು, ಇನ್ಸುಲಿನ್ ಮಾತ್ರ ಹೆಚ್ಚು ಹೊರಡಿಸುತ್ತದೆ.

ಊಟದ ನಂತರದ ಶುಗರ್ ಪರೀಕ್ಷೆಗೆ ಎರಡು ತಾಸನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿಂದಲ್ಲ. ಬೆರಳಿಗೆ ಬೆಲ್ಲ ಅಂಟಿದ್ದರೂ ಸ್ಟ್ರಿಪ್ ಸುಳ್ಳು ಹೇಳುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ) ತಗೊಳ್ಳುವವರು ವೈದ್ಯರನ್ನು ಕೇಳದೆ ರೊಟ್ಟಿ ಕಡಿಮೆ ಮಾಡಬೇಡಿ. ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಲ್ಲಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಜೊತೆಗೆ ವೊಗ್ಲಿಬೋಸ್ ಮಾತ್ರೆಯೂ ಇದ್ದರೆ, ಇಳಿದ ಶುಗರ್ ಏರಿಸಲು ಸಕ್ಕರೆ ನಂಬಬೇಡಿ. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ.