ಅಪ್‌ಡೇಟ್: ಅಡಿಕೆ ಅಟ್ಟದ ಬಾಗಿದ ತೊಲೆ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ ಅಟ್ಟದ ತೊಲೆ ಬಾಗಿದೆ, ನಡುವೆ ಒಂದು ಕಂಬ ಕೊಟ್ಟರೆ ಸಾಕೇ ಅಂತ ಮಳೆಗಾಲಕ್ಕೆ ಮೊದಲು ಕೇಳಿದ್ದೆ. ತುದಿಗಳನ್ನು ನೋಡಿ ಎಂದವರಿಗೆ ಕೈಮುಗಿಯುತ್ತೇನೆ.

ಗೋಡೆಯೊಳಗೆ ಕೂತಿದ್ದ ತುದಿಗೆ ಆಚಾರ್ರು ಉಳಿ ಚುಚ್ಚಿದರು. ಮಳೆ ಹೊಡೆಯುವ ಪಡುವಣ ಗೋಡೆಯ ಕಡೆ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಎಂಟು ಇಂಚು ಮರ ಪೂರ್ತಿ ಕೊಳೆತು ಲಡ್ಡಾಗಿತ್ತು. ನಡುವೆ ಕಂಬ ಕೊಟ್ಟು ಸುಮ್ಮನಾಗಿದ್ದರೆ ಆ ತುದಿ ಒಂದು ದಿನ ಕುಸಿಯುತ್ತಿತ್ತು.

ಮೊದಲು ಮೂಟೆ ಇಳಿಸಿದೆವು. 65 ಕಿಲೋದ 30 ಮೂಟೆ, ಹತ್ತಿರ ಹತ್ತಿರ ಎರಡು ಟನ್! ಇಷ್ಟು ವರ್ಷ ಅದರಡಿಯಲ್ಲೇ ಮಕ್ಕಳು ಮಲಗುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಕೊಳೆತ ತುದಿ ಕತ್ತರಿಸಿ, ಗೋಡೆಗೆ ಒತ್ತಿ ಕಲ್ಲಿನ ಕಂಬ ನಿಲ್ಲಿಸಿ, ತೊಲೆಯನ್ನು ಅದರ ಮೇಲೆ ಕೂರಿಸಿದ್ದೇವೆ. ನಡುವಿನ ಕಂಬವೂ ಬಂತು. ಭಾರ ಸಮನಾಗಿ ಹರಡಿದ್ದರೆ ಎಂಟರಲ್ಲಿ ಐದು ಪಾಲು ನಡುವಿನ ಕಂಬಕ್ಕೇ ಬೀಳುತ್ತದೆ ಎಂದು ಇಂಜಿನಿಯರ್ ಹೇಳಿದರು. ಹಾಗಾಗಿ ನೆಲ ಅಗೆದು ಕಾಂಕ್ರೀಟ್ ಬುನಾದಿ ಹಾಕಿಸಿದೆ. ಜಾಕಿಯಲ್ಲಿ ಎತ್ತಿದ್ದು ದಿನಕ್ಕೆ ಸ್ವಲ್ಪ ಸ್ವಲ್ಪವೇ. ಹಳೇ ಬಾಗು ಪೂರ್ತಿ ಹೋಗಿಲ್ಲ, ಬಲವಂತವಾಗಿ ನೆಟ್ಟಗೆ ಮಾಡಬೇಡಿ ಎಂದು ಇಂಜಿನಿಯರ್ ಹೇಳಿದರು, ಬಿಟ್ಟೆವು.

ಪಡುವಣ ಸೂರು ಎರಡು ಅಡಿ ಮುಂದಕ್ಕೆ ಚಾಚಿಸುವ ಕೆಲಸ ಬಾಕಿ ಇದೆ. ಅಲ್ಲಿವರೆಗೆ ಅಡಿಕೆ ಕೆಳಗೇ ಇರುತ್ತದೆ.